ಬೂದಯ್ಯಜ್ಜನವರು ಬಿಚ್ಚದೆ ಬಿಟ್ಟ ಕಂಕಣ

ಪೂಜ್ಯ ಶ್ರೀ ಬೂದಯ್ಯಜ್ಜನವರು ಮುತ್ತಲಕೊಪ್ಪದ ಮಠದಲ್ಲಿ ಆಸೀನರಾಗುತ್ತಿದ್ದುದು ಬೆಳ್ಳಿಯ ಪೀಠದಲ್ಲಲ್ಲ, ದನದ ಕೊಟ್ಟಿಗೆಯ ಪಕ್ಕದ ಮಣ್ಣಿನ ಜಗುಲಿಯಲ್ಲಿ. ಮೈಮೇಲೆ ತೇಪೆ ಹಚ್ಚಿದ ಕಾವಿ, ಕೈಯಲ್ಲಿ ಜಪಮಾಲೆ, ತೊಡೆಗೆ ಮೂತಿ ತೂರಿಸುವ ಒಂದು ಕುಂಟ ಕರು. ಅವರು ಅಲ್ಲಿ ಕೂತಾಗ ಹಾವೊಂದು ಹೆಡೆಯೆತ್ತಿ ನೆರಳು ಹಿಡಿಯುತ್ತಿತ್ತೆಂದು ಆಣೆ ಮಾಡಿ ಹೇಳುವ ಭಕ್ತರಿದ್ದಾರೆ. ಹಿಡಿದಿರಲೂಬಹುದು, ಕೊಟ್ಟಿಗೆಗೆ ತಗಡು ಹಾಕಿಸಿದ ಮೇಲೆ ಬಿಟ್ಟಿರಬೇಕು. ಇರಲಿ, ಆ ಮಹಾತ್ಮರ ಮಹಿಮೆ ತಿಳಿಯಲು ಹಾವು ಬೇಕಿಲ್ಲ. ಶ್ರಾವಣದ ಕೊನೆಯ ಸೋಮವಾರ ನಡೆದದ್ದು ಸಾಕು.

ಅಂದು ಕಂಕಣ ವಿಸರ್ಜನೆ. ಶ್ರಾವಣ ಹುಟ್ಟಿದ ದಿನ ಅಜ್ಜನವರು ಊರ ತರುಣರ ಬಲಗೈಗೆ ಅರಿಷಿಣದ ದಾರ ಕಟ್ಟುತ್ತಿದ್ದರು. ದಾರ ಕೈಯಲ್ಲಿರುವ ತನಕ ಕುಡಿತವಿಲ್ಲ, ಮಾಂಸವಿಲ್ಲ, ಕಾಲಿಗೆ ಚಪ್ಪಲಿಯಿಲ್ಲ, ಗುರುವಿನ ಮಾತಿಗೆ ಎದುರು ಮಾತಿಲ್ಲ. ಕೊನೆಯ ಸೋಮವಾರ ಕಟ್ಟಿದ ಕೈಯೇ ಅದನ್ನು ಬಿಚ್ಚಬೇಕು. ಆಗಲೇ ವ್ರತ ಸಂಪನ್ನ, ಆಗಲೇ ಪುಣ್ಯ ಪ್ರಾಪ್ತಿ. ತರುಣರು ಮಿಂದು ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಗೌಡರ ಮನೆಯ ಚನವೀರ.

ಆ ಹೊತ್ತಿಗೆ ಮಠದ ಬಾಗಿಲಿಗೆ ಕಾಶೀಂಬಿ ಬಂದಳು.

ಅವಳ ಗಂಡ ರಾಜೇಸಾಬ ಅರಳೆ ಹಿಂಜಿ ಗಾದಿ ಹೊಲಿಯುವವನು. ಹಿಂದಿನ ವಾರ ಅವನ ಅಂಗಡಿಗೆ ಬೆಂಕಿ ಬಿದ್ದಿತ್ತು. ಒಳಗಿದ್ದ ರಾಜೇಸಾಬನ ಎರಡೂ ಕೈ ಮೊಣಕೈವರೆಗೆ ಬೆಂದುಹೋಗಿ, ಅವನು ಜಿಲ್ಲಾ ಆಸ್ಪತ್ರೆಯ ಮಂಚ ಹಿಡಿದಿದ್ದ. ಠಾಣೆಗೆ ಹೋದರೆ, ಯಾರೋ ಕುಡುಕರ ಕೆಲಸ ಎಂದರು. ಶಾಂತಿಸಭೆಯಲ್ಲಿ ಹಿರಿಯರು ಶಾಲು ಹೊದ್ದುಕೊಂಡು, ಕುಡುಕರು ಎಂದರು. ಪೇಪರಿನಲ್ಲಿ ಅದೇ ಅಚ್ಚಾಗಿತ್ತು. ಆ ಒಂದು ಪದ ಕಿವಿಗೆ ಬಿದ್ದರೆ ಸಾಕು, ಕಾಶೀಂಬಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯೇಳುತ್ತಿತ್ತು. ಏಕೆಂದರೆ ಅವಳು ಕಣ್ಣಾರೆ ಕಂಡಿದ್ದಳು. ಕಂಡದ್ದನ್ನು ಒಬ್ಬರಾದರೂ ಹೌದೆನ್ನಬೇಕು. ಅನ್ನದಿದ್ದರೆ ಅಜ್ಜನ ಮುಖಕ್ಕೆ ಉಗುಳಿ ಹೋಗುವುದೆಂದು ಗಟ್ಟಿ ಮಾಡಿಕೊಂಡೇ ಬಂದಿದ್ದಳು.

ಮಠದ ಕಾರಭಾರಿ ಗದಿಗೆಪ್ಪ ಅಡ್ಡ ಬಂದ. "ಯವ್ವಾ, ಶುಭಕಾರ್ಯದ ಹೊತ್ತು. ನಿನ್ನ ಸಂಕಟ ನಮಗ ತಿಳಿಯೂದಿಲ್ಲೇನು? ಆದ್ರ ಇದಕ್ಕೂ ಧರ್ಮಕ್ಕೂ ಏನೇನೂ ಸಂಬಂಧ ಇಲ್ಲ. ಕುಡದ ಹುಡುಗೂರು, ದುಡಿಮಿ ಇಲ್ಲದ ಹುಡುಗೂರು..."

ಪ್ರಸಾದಕ್ಕೆ ಮಾತ್ರ ಮಠಕ್ಕೆ ಬರುತ್ತಿದ್ದ ನಾಸ್ತಿಕ ಹೈಸ್ಕೂಲ್ ಮಾಸ್ತರರೊಬ್ಬರು ಅಲ್ಲೇ ಕಂಬಕ್ಕೊರಗಿದ್ದರು. ಅವರಿಗೆ ಇದಕ್ಕಿಂತ ರುಚಿಯಾದ ಪ್ರಸಾದ ಬೇಕೆ? "ಸಂಬಂಧ ಇಲ್ಲ ಅಂತೀರಲ್ಲ ಕಾರಭಾರಿ! ದೇವರಿಲ್ಲದಿದ್ರ ಈ ಊರಾಗ ಒಂದು ಬಣವಿನೂ ಸುಡ್ತಿರಲಿಲ್ಲ" ಎಂದರು.

"ಬಣವಿ ಸುಡಾಕ ದೇವರ ಬೇಕೇನ್ರಿ ಮಾಸ್ತರ? ನಿಮ್ಮ ಬೀಡಿ ಸಾಕು."

ಇಬ್ಬರಿಗೂ ವಾದದ ಹುರುಪು ಏರಿತು. ಹೊಟ್ಟೆಪಾಡು, ಚುನಾವಣೆ, ಶಾಸ್ತ್ರ, ಎಲ್ಲ ಹೊರಬಿದ್ದವು. ಕಾಶೀಂಬಿ ಒಬ್ಬರ ಮುಖ, ಇನ್ನೊಬ್ಬರ ಮುಖ ನೋಡಿದಳು.

"ಬಾಯಿ ಮುಚ್ರಿ ಇಬ್ರೂ!" ಎಂದಳು. ಕೊಟ್ಟಿಗೆಯ ಎಮ್ಮೆಗಳು ಕೂಡ ಮೆಲುಕು ನಿಲ್ಲಿಸಿದವು. "ನಿಮ್ಮ ವಾದಕ್ಕ ನನ್ನ ಗಂಡನ ಕೈ ಬೇಕಾತೇನು? ಅಜ್ಜಾ, ನೀ ಕೇಳು. ಅವರು ಕುಡದಿದ್ರ ನಾ ನಿನ್ನ ಬಾಗಲಕ್ಕ ಬರ್ತಿರಲಿಲ್ಲ, ಸೆರೆ ಅಂಗಡಿ ಮುಂದ ಹೋಗಿ ಬೊಬ್ಬೆ ಹೊಡೀತಿದ್ದೆ. ಮಟಮಟ ಮಧ್ಯಾಹ್ನ ಬಂದ್ರು. ಒಬ್ಬನ ಬಾಯಾಗೂ ವಾಸನಿ ಇಲ್ಲ. ಬರಿಗಾಲು. ಹಣಿ ತುಂಬ ವಿಭೂತಿ. ಸೀಮಿಎಣ್ಣಿ ತಂದಿರಲಿಲ್ಲೋ ಅಜ್ಜಾ, ಕರ್ಪೂರ ತಂದಿದ್ರು. ಕರ್ಪೂರ ಹಚ್ಚಿ, ಕೈ ಮುಗುದು, ನಿನ್ನ ಹೆಸರಿಗೆ ಜೈ ಅಂದು ಹಿಂಜಿದ ಅರಳಿ ಮ್ಯಾಲೆ ಇಟ್ರು. ಮುಗಿದ ಕೈಯಾಗ ನಿನ್ನ ದಾರ ಇತ್ತು."

ಗದಿಗೆಪ್ಪ ತಡವರಿಸಿದ. "ದಾರ ಇದ್ದವರೆಲ್ಲ ಭಕ್ತರೇನವಾ? ಅಂಥವರು ನಮ್ಮವರ ಅಲ್ಲ."

ಪೂಜ್ಯರ ಬೆರಳಿನಲ್ಲಿ ಜಪಮಾಲೆ ನಿಂತಿತು.

"ಗದಿಗೆಪ್ಪಾ, ಆ ದಾರ ಕಟ್ಟಿದವರು ಯಾರು?"

"ತಾವ, ಬುದ್ಧಿ."

"ಹಂಗಾದ್ರ ನಮ್ಮವರ."

ಅಜ್ಜನವರು ಜಗುಲಿಯಿಂದ ಇಳಿದರು. ಶಾಂತಮೂರ್ತಿ ಎಂದು ಭಕ್ತರು ಕೊಂಡಾಡುತ್ತಿದ್ದ ಆ ಮುಖ ಕೆಂಪಾಗಿತ್ತು. ಕಂಕಣ ಕಟ್ಟಿದ ದಿನ ಮಠದ ಕಟ್ಟೆಯ ಮೇಲೆ ಹೊರಗಿನ ಭಾಷಣಕಾರನೊಬ್ಬ, ಧರ್ಮದ ವೈರಿಗಳು ನಿಮ್ಮ ಓಣಿಯಲ್ಲೇ ಮಲಗಿದ್ದಾರೆಂದು ಗಂಟಲು ಹರಿಯುವಂತೆ ಕೂಗಿ ಹೋಗಿದ್ದ. ಚಪ್ಪಾಳೆ ಜೋರಾಗಿಯೇ ಬಿದ್ದಿತ್ತು.

"ಅಂವ ಕೂಗುವಾಗ ನಾ ಬಾಜೂಕ ಕೂತು ಮಾಲಿ ಎಣಿಸಿದೆ" ಎಂದರು ಅಜ್ಜನವರು. "ಕೇಳಿಸಿತ್ತು. ಸುಮ್ಮನಿದ್ದೆ. ಆಮ್ಯಾಲೆ ದಾರ ಕಟ್ಟಿದೆ."

ಚನವೀರನಿಗೆ ಇದು ಬೈಗುಳವೆಂದು ಹೊಳೆಯಲೇ ಇಲ್ಲ. ಎದೆಯುಬ್ಬಿಸಿ ಕೈ ಚಾಚಿದ. "ಧರ್ಮಕ್ಕಾಗಿ ಮಾಡೀವ್ರಿ ಅಪ್ಪಾರ. ಉಪವಾಸ ಇದ್ದು, ಮಡಿಲೆ ಮಾಡೀವಿ. ಬಿಚ್ಚಿ ಆಶೀರ್ವಾದ ಮಾಡ್ರಿ."

ಅಜ್ಜನವರು ಆ ಕೈಯನ್ನು ಹಿಡಿದರು. ಎಷ್ಟು ಬಿಗಿಯಾಗಿ ಹಿಡಿದರೆಂದರೆ, ಚನವೀರ ತನ್ನ ಅವ್ವನನ್ನು ನೆನೆದ.

"ಬಿಚ್ಚೂದಿಲ್ಲ. ನಡೀ, ಠಾಣೆಗೆ."

ಇಬ್ಬರು ತರುಣರು ಹಿತ್ತಲಿನ ಗೋಡೆ ಹಾರಿದರು. ಉಳಿದವರು ತಲೆ ತಗ್ಗಿಸಿ ಹಿಂದೆ ಹೊರಟರು. ದಾರ ಬಿಚ್ಚುವ ತನಕ ಗುರುವಿನ ಮಾತು ಮೀರುವಂತಿರಲಿಲ್ಲವಲ್ಲ. ಅಡ್ಡಪಲ್ಲಕ್ಕಿಯಿಲ್ಲದೆ ಅಜ್ಜನವರು ಬೀದಿಗಿಳಿದದ್ದು ಕಂಡು, ಏನೋ ಹೊಸ ಉತ್ಸವವೆಂದು ಡೊಳ್ಳಿನವನೊಬ್ಬ ಎರಡು ಪೆಟ್ಟು ಬಾರಿಸಿಯೂಬಿಟ್ಟ. ಪೂಜ್ಯರ ಮುಖ ನೋಡಿ ಡೊಳ್ಳನ್ನು ಬೆನ್ನಿಗೆ ತಿರುಗಿಸಿಕೊಂಡ. ಮಾಸ್ತರರು ಪ್ರಸಾದ ಮರೆತು ಜೊತೆಗೆ ನಡೆದರು. ಅವರ ಆಯುಷ್ಯದಲ್ಲಿ ಅದೇ ಮೊದಲು.

ಠಾಣೆಯ ರೈಟರ್ ಎದ್ದು ಕುರ್ಚಿ ಒರೆಸಿದ. ಅಜ್ಜನವರು ಕೂರಲಿಲ್ಲ. ನಿಂತೇ ಹೇಳಿದರು. ಸುಟ್ಟವರು ಕುಡಿದಿರಲಿಲ್ಲ, ನಾವು ಕೊಟ್ಟ ವ್ರತದಲ್ಲಿದ್ದರು. ನಮ್ಮ ಕಟ್ಟೆಯ ಮೇಲೆ ಆಡಿದ ಮಾತು ಕೇಳಿ ಹೋದರು. ಇವನು ಈಗ ನಮ್ಮೆದುರಿಗೇ ಒಪ್ಪಿದ.

ರೈಟರ್ ಪೆನ್ನು ಎತ್ತಿದವ ಹಾಗೇ ಇದ್ದ. "ಬುದ್ಧಿ, ವ್ರತದ ಮಾತು ಯಾಕ್ರಿ? ಮಠಕ್ಕ ಕೆಟ್ಟ ಹೆಸರು. ಕುಡದಿದ್ರು ಅಂತನ ಇರಲಿ."

"ಬರಿ."

ಬರೆದ. "ಓದು" ಎಂದಳು ಕಾಶೀಂಬಿ. ಓದಿದ. ಅವಳು ಹುಬ್ಬು ಗಂಟಿಕ್ಕಿದಳು. "ಒಂದು ಬಿಟ್ಟೈತಿ. ಅಜ್ಜ ಕೇಳಿಯೂ ಸುಮ್ಮನ ಕೂತಿದ್ದ. ಅದನ್ನ ಹಾಕು."

ಗದಿಗೆಪ್ಪ ಹೌಹಾರಿದ. "ಏ ಯವ್ವಾ, ಯಾರ ಮುಂದ ಏನು ಮಾತಾಡ್ತಿ!"

"ಹಾಕಪ್ಪಾ" ಎಂದರು ಅಜ್ಜನವರು. "ಅದು ಖರೆ."

ರೈಟರ್ ಹಾಕಿದ. ಅಜ್ಜನವರು ಸಹಿ ಮಾಡಿದರು.

ಕಾಶೀಂಬಿ ಅಲ್ಲಿಯೇ ಅವರ ಪಾದಕ್ಕೆ ಬಿದ್ದಳೆಂದು ಕಣ್ಣೊರೆಸಿಕೊಂಡು ಹೇಳುವವರಿದ್ದಾರೆ. ಬೀಳಲಿಲ್ಲ. ನೆಟ್ಟಗೆ ನಿಂತು ಅವರನ್ನು ದಿಟ್ಟಿಸಿದಳು.

"ನಾ ನಿಮಗ ಮಣಿಯೂದಿಲ್ಲರಿ ಅಜ್ಜಾರ" ಎಂದಳು. ಅಜ್ಜನವರ ಮಟ್ಟಿಗೆ ಬಹುವಚನ ಅವಳ ಬಾಯಿಗೆ ಅದೇ ಮೊದಲ ಸಲ ಬಂದಿತ್ತು. "ನನ್ನ ಸಿಟ್ಟು ಇಳಿದಿಲ್ಲ."

"ಇಳೀಬಾರದು, ಯವ್ವಾ."

"ಆದ್ರ ನಾಳೆ ಇವರು ವಕೀಲರನ್ನ ಹಿಡಕೊಂಡು ಬರ್ತಾರ. ಅಜ್ಜಗ ಅರಳು ಮರಳು, ಏನೇನೋ ಬರಿಸ್ಯಾನ ಅಂತಾರ. ಅಂದ ದಿವಸ ನನಗ ಹೇಳಿ ಕಳಸ್ರಿ. ಕೋರ್ಟಿನಾಗ ನಿಮ್ಮ ಬಾಜೂಕ ನಾ ನಿಲ್ತೀನಿ."