ಕೋತಿ ಅಡ್ಮಿನ್ ಮತ್ತು ವಿಧೇಯ ಸರ್ವರ್

ಕಾಡಿನ ಎಲ್ಲ ಪ್ರಾಣಿಗಳ ಹೆಸರೂ ಒಂದು ಸರ್ವರಿನಲ್ಲಿತ್ತು. ಅದರ ಅಡ್ಮಿನ್ ಕೋತಿಗೆ ಮೌಸ್ ಮುಟ್ಟುವುದೆಂದರೆ ಅವಮಾನ. ಏನಿದ್ದರೂ ಕಮಾಂಡ್ ಟೈಪ್ ಮಾಡಿಯೇ ಆಗಬೇಕು. ಒಂದು ದಿನ, ಕಾಡು ಬಿಟ್ಟುಹೋದ ನರಿಯ ಹೆಸರು ತೆಗೆಯಬೇಕಾಯಿತು. ಕೋತಿ ‘ಹೆಸರು ಅಳಿಸು’ ಎಂದು ಬರೆಯಿತು. ಯಾರದ್ದೆಂದು ಬರೆಯುವ ತಾಳ್ಮೆ ಅದಕ್ಕೆಲ್ಲಿಯದು? ಎಂಟರ್ ಒತ್ತಿಬಿಟ್ಟಿತು.

“ಎಲ್ಲರ ಹೆಸರನ್ನೂ ಅಳಿಸಿದ್ದೇನೆ, ಸ್ವಾಮಿ,” ಎಂದಿತು ಸರ್ವರ್.

“ಅಯ್ಯೋ ಮುಟ್ಠಾಳ! ನರಿಯದು ಮಾತ್ರ!”

“ನರಿ ತಮ್ಮ ಮನಸ್ಸಿನಲ್ಲಿತ್ತು. ನನ್ನ ತನಕ ಬರಲಿಲ್ಲ.”

“ಸಾಕು, ಬ್ಯಾಕಪ್‌ನಿಂದ ಎಲ್ಲವನ್ನೂ ವಾಪಸ್ ತಾ!”

“ತರುತ್ತೇನೆ. ಅದಕ್ಕೆ ಅಡ್ಮಿನ್ ಅಪ್ಪಣೆ ಬೇಕು.”

“ಅಡ್ಮಿನ್ ನಾನೇ ಕಣೋ, ಕೋತಿ!”

ಸರ್ವರ್ ತನ್ನೊಳಗೆಲ್ಲ ತಡಕಾಡಿ ನೋಡಿ, ಬಹಳ ವಿನಯದಿಂದ ಹೇಳಿತು:

“ಆ ಹೆಸರಿನವರು ಇಲ್ಲಿ ಯಾರೂ ಇಲ್ಲವಲ್ಲ. ತಾವು ಯಾರು?”