ಕರಡಿ ಮನೆತನ ಮತ್ತು ಹಿಪ್ಪೆಯ ಗುಳಿ

ಹಿಪ್ಪೆ ಮರಗಳೇ ತುಂಬಿದ್ದ ಒಂದು ಕಾಡಿನಲ್ಲಿ ಜೂಲಯ್ಯನೆಂಬ ಕರಡಿ ಇದ್ದ. ಬೇಸಿಗೆ ಬಂತೆಂದರೆ ಅಲ್ಲಿ ಹಿಪ್ಪೆಯ ಹೂವು ರಾಶಿ ರಾಶಿ ಉದುರುತ್ತಿತ್ತು. ಮರಗಳ ನಡುವೆ ಒಂದು ಬಂಡೆ, ಬಂಡೆಯಲ್ಲಿ ಒಂದು ಆಳವಾದ ಗುಳಿ. ಗುಳಿಯ ನೀರಿಗೆ ಬಿದ್ದ ಹೂವು ಕೊಳೆತು, ಹುಳಿ ಬಂದು, ಕುಡಿದವರ ತಲೆ ತಿರುಗಿಸುವ ರಸವಾಗುತ್ತಿತ್ತು. ಆ ಗುಳಿಗೆ ಒಂದು ನರಿ ಯಜಮಾನ. ಯಜಮಾನ ಎಂದು ಬೇರೆ ಯಾರೂ ಹೇಳಿರಲಿಲ್ಲ, ಅದೇ ಹೇಳಿಕೊಂಡಿತ್ತು. ಕುಡಿಯಲು ಬಂದವರು ಬರಿಗೈಯಲ್ಲಿ ಬರುವಂತಿರಲಿಲ್ಲ. ಹಂದಿ ಗೆಡ್ಡೆ ತರುತ್ತಿತ್ತು, ಮುಸುವ ಕೋತಿ ಹಣ್ಣು ತರುತ್ತಿತ್ತು, ಜೂಲಯ್ಯ ಜೇನು ತರುತ್ತಿದ್ದ. ನರಿ ಮಾತ್ರ ಆ ರಸವನ್ನು ಒಂದು ದಿನವೂ ಮುಟ್ಟಿರಲಿಲ್ಲ.

ಹರೆಯದಲ್ಲಿ ಜೂಲಯ್ಯ, ಹಂದಿ, ಮುಸುವ ಮೂವರೂ ಒಂದೇ ಸಮ ಕುಡಿದರು, ಒಂದೇ ಸಮ ಉರುಳಾಡಿದರು. ಯಾರು ಹೆಚ್ಚು, ಯಾರು ಕಡಿಮೆ ಎಂದು ಹೇಳುವಂತಿರಲಿಲ್ಲ. ಆಮೇಲೆ ಹಂದಿಗೆ ಮರಿಗಳಾದವು, ಅದು ಬರುವುದನ್ನೇ ಬಿಟ್ಟಿತು. ಮುಸುವ ತನ್ನ ಗುಂಪಿಗೆ ಹಿರಿಯನಾಯಿತು, ವರ್ಷಕ್ಕೊಮ್ಮೆ ಬಂದು ನಾಲಿಗೆ ಅದ್ದಿ ಹೋಗುತ್ತಿತ್ತು. ಜೂಲಯ್ಯನಿಗೂ ಮದುವೆಯಾಯಿತು. ಗುಂಡ ಎಂಬ ಮಗ ಹುಟ್ಟಿದ. ಆದರೆ ಕುಡಿತ ಮಾತ್ರ ಬಿಡಲಿಲ್ಲ, ವಯಸ್ಸಿನ ಜೊತೆ ಅದೂ ಬೆಳೆಯಿತು. ಅವರಿಗೆ ಬಿಡಲು ಬಂದದ್ದು ತನಗೇಕೆ ಬರುತ್ತಿಲ್ಲ ಎಂದು ಪಾಪ, ಜೂಲಯ್ಯನಿಗೆ ತಿಳಿಯಲಿಲ್ಲ. ನಾಚಿಕೆಯಿಂದ ಅವರ ಕಣ್ಣಿಗೆ ಬೀಳದಂತೆ ಓಡಾಡತೊಡಗಿದ.

ಒಂದು ದಿನ ಅವನು ಧೈರ್ಯ ಮಾಡಿ ನರಿಗೆ, "ಇನ್ನು ಮೇಲೆ ನಾನು ಬರಲ್ಲ" ಎಂದ.

ನರಿಗೆ ಎದೆ ಧಸಕ್ಕೆಂದಿತು. ಜೇನು ಹೋಯಿತಲ್ಲ! ಆದರೂ ಮುಖದಲ್ಲಿ ತೋರಿಸದೆ ನಕ್ಕಿತು. "ಎಲ್ಲಿಗೆ ಹೋಗ್ತೀಯ ಜೂಲಣ್ಣ? ನಿಮ್ಮಜ್ಜ ಇಲ್ಲೇ ಕುಡಿದ. ನಿಮ್ಮಪ್ಪ ಇಲ್ಲೇ ಕುಡಿದು, ಜೇನು ಕೀಳೋಕೆ ಹೋಗಿ ಬಂಡೆಯಿಂದ ಬಿದ್ದು ಸತ್ತ. ಇದು ನಿಮ್ಮ ರಕ್ತದಲ್ಲೇ ಇದೆ. ನಮ್ಮ ವಂಶ ನೋಡು, ಒಬ್ಬರಿಗೂ ಇದರ ಚಟ ಇಲ್ಲ. ಹುಟ್ಟಿನಿಂದ ಬಂದದ್ದನ್ನ ತೊಳೆದುಕೊಳ್ಳೋಕಾಗುತ್ತಾ?"

ಜೂಲಯ್ಯನಿಗೆ ದುಃಖವಾಯಿತು. ಒಳಗೊಳಗೇ ಹಾಯೆನಿಸಿತು ಕೂಡ. ತಪ್ಪು ತನ್ನದಲ್ಲ ಎಂದ ಮೇಲೆ ಇನ್ನೊಂದು ಗುಟುಕಿಗೆ ಏನು ಅಡ್ಡಿ? ಹೊಟ್ಟೆ ತುಂಬ ಕುಡಿದು ತೂರಾಡುತ್ತಾ ಗವಿಗೆ ಬಂದ.

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಏನ್ರೀ, ಗುಂಡ ದೊಡ್ಡವನಾಗ್ತಿದ್ದಾನೆ. ಇವತ್ತು ಬೆಳಿಗ್ಗೆ ನಿಮ್ಮ ಹೆಜ್ಜೆ ಮೂಸಿಕೊಂಡು ಅರ್ಧ ದಾರಿ ಬಂದಿದ್ದ. ಬರೋ ವರ್ಷ ಪೂರ್ತಿ ದಾರಿ ಬರ್ತಾನೆ. ಬರಲಿ ಅಂತೀರಾ?"

"ಏನು ಮಾಡಲಿ ಕಣೇ, ನಮ್ಮ ರಕ್ತದಲ್ಲೇ ಇದೆ."

"ಹಾಗಾದರೆ ನಿಮ್ಮ ದೊಡ್ಡಪ್ಪನ ಮೈಯಲ್ಲಿರೋದು ಯಾರ ರಕ್ತ? ನಿಮ್ಮಪ್ಪನ ಜೊತೆ ಅವಳಿಯಾಗಿ ಹುಟ್ಟಿದವರಲ್ಲವಾ? ಅವರು ಯಾಕೆ ಕುಡಿಯಲ್ಲ ಅಂತ ಹೋಗಿ ಕೇಳಿಕೊಂಡು ಬನ್ನಿ."

ದೊಡ್ಡಪ್ಪ ಇದ್ದದ್ದು ಹೊಳೆಯಾಚೆಯ ಕಲ್ಲುಬೆಟ್ಟದಲ್ಲಿ. ಅಲ್ಲಿ ಒಂದು ಹಿಪ್ಪೆ ಮರವೂ ಇರಲಿಲ್ಲ. ಮುದುಕ ಹುತ್ತ ಕೆದಕುತ್ತಾ ಕೂತಿದ್ದ.

"ದೊಡ್ಡಪ್ಪ, ನಿಮಗೆ ಆ ರಸದ ಆಸೆಯೇ ಇರಲಿಲ್ಲವಾ?" ಎಂದು ಜೂಲಯ್ಯ ಕೇಳಿದ.

"ಇರಲಿಲ್ಲ ಅಂತ ಯಾರಂದರೋ? ನಿಮ್ಮಪ್ಪನಿಗಿಂತ ಜಾಸ್ತಿ ಕುಡೀತಿದ್ದೆ. ಈಗಲೂ ಆ ಕಡೆಯಿಂದ ಗಾಳಿ ಬೀಸಿದರೆ ಬಾಯಲ್ಲಿ ನೀರು ಬರುತ್ತೆ. ಅದಕ್ಕೇ ಹೂವಿನ ಕಾಲದಲ್ಲಿ ಬೆಟ್ಟದ ಆಚೆ ಮಗ್ಗುಲಿಗೆ ಹೋಗಿಬಿಡ್ತೀನಿ."

"ಅಂದರೆ ಇದು ನಮ್ಮ ರಕ್ತದಲ್ಲೇ ಇದೆ ಅಂತ ನರಿ ಹೇಳಿದ್ದು ನಿಜವೇ?"

"ನಿಜವೇ. ಹಂದಿಗೆ ಸಾಕು ಅನಿಸಿದರೆ ಸಾಕು, ಬಿಟ್ಟುಬಿಡುತ್ತೆ. ನಮಗೆ ಹಾಗಲ್ಲಪ್ಪ. ಅದು ಗೊತ್ತಾದ ಮೇಲೆ ಗುಳಿಯ ಹತ್ತಿರ ಹೋಗಬೇಕೋ, ದೂರ ಹೋಗಬೇಕೋ? ಅದನ್ನ ನರಿ ಹೇಳಲಿಲ್ಲ. ಹೇಳಿದರೆ ಅದಕ್ಕೆ ಜೇನು ತಂದುಕೊಡೋರು ಯಾರು?"

ಜೂಲಯ್ಯ ಹೆಂಡತಿ ಮಗನನ್ನು ಕರೆದುಕೊಂಡು ಹೊಳೆ ದಾಟಿ ಬಂದು ಕಲ್ಲುಬೆಟ್ಟದಲ್ಲೇ ನೆಲೆಸಿದ. ಸುಲಭವಾಯಿತೆಂದು ತಿಳಿಯಬೇಡಿ ಮಕ್ಕಳೇ. ಮೈ ನಡುಗಿತು, ಊಟ ಸೇರಲಿಲ್ಲ. ಒಮ್ಮೆಯಂತೂ ಹೊಳೆ ದಾಟಿ ಹೋಗಿ ಕುಡಿದೇ ಬಂದ. ಬಂದು ಅತ್ತ. ಹೆಂಡತಿ ಚೆನ್ನಾಗಿ ಬೈದಳು, ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡಳು. ಗುಂಡನಿಗೆ ಅವನು ಏನನ್ನೂ ಮುಚ್ಚಿಡಲಿಲ್ಲ.

ಎರಡು ವರ್ಷ ಕಳೆಯಿತು. ಜೇನಿಲ್ಲದೆ ನರಿ ಸೊರಗಿತ್ತು. ಗುಂಡ ಹೊಳೆಯಲ್ಲಿ ನೀರು ಕುಡಿಯುವುದನ್ನು ನೋಡಿ, ಮುತ್ತುಗದ ದೊನ್ನೆಯಲ್ಲಿ ರಸ ತುಂಬಿಕೊಂಡು ಓಡಿಬಂತು.

"ಗುಂಡಣ್ಣ, ನಿಮ್ಮಜ್ಜ, ಮುತ್ತಜ್ಜ ಎಲ್ಲ ಕುಡಿದ ರಸ ಇದು. ನಿಮ್ಮ ರಕ್ತದಲ್ಲೇ ಇದೆ!"

"ಹೌದು, ಅಪ್ಪ ಹೇಳಿದ್ದಾನೆ. ಅದಕ್ಕೇ ನನಗೆ ಮೊದಲನೇ ಗುಟುಕೇ ಬೇಡ."

"ಅಯ್ಯೋ ಪುಕ್ಕಲ! ನೋಡು, ನಾನು ಕುಡಿದು ತೋರಿಸ್ತೀನಿ. ನಮ್ಮ ವಂಶದಲ್ಲಿ ಯಾರಿಗೂ ಏನೂ ಆಗಿಲ್ಲ" ಎಂದು ನರಿ ದೊನ್ನೆ ಎತ್ತಿ ಕುಡಿಯಿತು. ಏನಾದರೂ ಆಗುವುದು ಹೇಗೆ? ಅದರ ವಂಶದಲ್ಲಿ ಯಾರೂ ಬಾಯಿಗೇ ಹಾಕಿರಲಿಲ್ಲ. ಗುಂಡ ಮನೆಗೆ ಹೋದ.

ಮಾರನೆಯ ದಿನ ನರಿ ಮೊಲಕ್ಕೆ ಕುಡಿದು ತೋರಿಸಿತು. ಅದರ ಮಾರನೆಯ ದಿನ ಜಿಂಕೆಗೆ. ತಿಂಗಳು ಕಳೆಯುವಷ್ಟರಲ್ಲಿ, ಎದುರಿಗೆ ಯಾರೂ ಇಲ್ಲದಿದ್ದರೂ ಕುಡಿಯುತ್ತಿತ್ತು. ಒಂದು ಬೆಳಿಗ್ಗೆ ಗುಳಿಗೆ ಬಗ್ಗಿದ್ದೇ ಜಾರಿ ಒಳಗೆ ಬಿತ್ತು.

ಅದರ ಕೂಗು ಹೊಳೆಯಾಚೆಗೂ ಕೇಳಿಸಿತು. ಜೂಲಯ್ಯ ದಡದವರೆಗೆ ಓಡಿಬಂದು ನಿಂತುಬಿಟ್ಟ. ಆಚೆಯ ಮರದ ಮೇಲಿದ್ದ ಮುಸುವವನ್ನು ಕರೆದು, "ಬೇಗ ಹೋಗಿ ನರಿಯನ್ನ ಎಳೆದುಹಾಕು. ನಾನು ಬರಲಾರೆ" ಎಂದ.

"ಇನ್ನೂ ಸಿಟ್ಟಾ ಜೂಲಣ್ಣ?"

"ಸಿಟ್ಟಿದೆ, ಸುಳ್ಳು ಯಾಕೆ ಹೇಳಲಿ? ಆದರೆ ಅದಕ್ಕಲ್ಲ. ಆ ವಾಸನೆಯ ಹತ್ತಿರ ಹೋದರೆ ಮೊದಲು ನರಿಯನ್ನ ಎತ್ತುತ್ತೀನೋ, ರಸಕ್ಕೆ ಬಾಯಿ ಹಾಕ್ತೀನೋ ನನಗೇ ಗೊತ್ತಿಲ್ಲ."

ಮುಸುವ ಹೋಗಿ ನರಿಯ ಬಾಲ ಹಿಡಿದು ಮೇಲಕ್ಕೆಳೆಯಿತು. ನರಿ ಬಂಡೆಯ ಮೇಲೆ ಮುದುಡಿ ಕೂತು ಗಡಗಡ ನಡುಗಿತು. "ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ" ಎಂದು ಅಳುತ್ತಾ ತೊಯ್ದ ಮುಂಗಾಲನ್ನು ನೆಕ್ಕಿತು. ಮತ್ತೆ ನೆಕ್ಕಿತು.

ನೀತಿ: ಕೆಟ್ಟ ಚಟದ ಸೆಳೆತ ತನ್ನ ರಕ್ತದಲ್ಲಿದೆ ಎಂದು ತಿಳಿದವನು ಅದನ್ನೇ ನೆಪ ಮಾಡಿಕೊಳ್ಳದೆ ಇತರರಿಗಿಂತ ಹೆಚ್ಚು ಎಚ್ಚರವಾಗಿರಬೇಕು; ತನ್ನ ರಕ್ತದಲ್ಲಿ ಅದಿಲ್ಲವೆಂದು ಬೀಗುವವನೂ ಜಾರಿ ಬೀಳಬಲ್ಲ.