ಒಂದು ಬೆರಳು ಒಳಗೆ

“ಬುದ್ಧಿ, ಹಳೆಯದನ್ನು ಕೆಡಿಸಲು ಬಂದವನನ್ನು ಮೊದಲೇ ಗುರುತು ಹಿಡಿಯುವುದು ಹೇಗೆ?” ಎಂದು ಸಿದ್ಧನಂಜ ಕೇಳಿದ.

ಗುರುಗಳು ಜಗಲಿಯ ಮೇಲೆ ಕುಳಿತು ವಿಭೂತಿ ಗಟ್ಟಿಗಳನ್ನು ಬಿಸಿಲಿಗೆ ಹರಡುತ್ತಿದ್ದರು. ತಲೆಯೆತ್ತದೆ, “ಯಾರ ಮೇಲೆ ಅನುಮಾನ?” ಎಂದರು.

ಸಿದ್ಧನಂಜ ಇಪ್ಪತ್ತೆರಡು ವರ್ಷಗಳಿಂದ ಮಠದಲ್ಲಿ ಬೆಳಗಿನ ಪ್ರಾರ್ಥನೆ ಹೇಳುತ್ತಿದ್ದವನು. ಅವನು ಎತ್ತಿಕೊಟ್ಟ ಸಾಲನ್ನೇ ಉಳಿದವರು ಹೇಳಬೇಕು. ಹೋದ ವಾರ ಮಠಕ್ಕೆ ಒಬ್ಬ ಪಂಡಿತ ಬಂದಿದ್ದ. ಹಳೆಯ ಓಲೆಗರಿಯ ಕಟ್ಟು ಬಿಚ್ಚಿ ಓದಿದ್ದ. ಓಲೆಯಲ್ಲಿರುವ ಎರಡು ಸಾಲು ನಿಮ್ಮ ಬಾಯಲ್ಲಿ ಇಲ್ಲವಲ್ಲ ಎಂದು ಎಲ್ಲರೆದುರು ಹೇಳಿದ್ದ. ಅಂದಿನಿಂದ ಸಿದ್ಧನಂಜನಿಗೆ ತುತ್ತು ಇಳಿದಿರಲಿಲ್ಲ. ತನ್ನದೇ ಎರಡು ಸಾಲನ್ನು ಪ್ರಾರ್ಥನೆಯೊಳಗೆ ತುರುಕಲು ಪಂಡಿತ ಹೂಡಿದ ಮಸಲತ್ತು ಇದು ಎಂದು ಅವನಿಗೆ ಖಾತ್ರಿಯಾಗಿತ್ತು. ಆ ಮನುಷ್ಯನನ್ನು ಇವತ್ತೇ ಸಾಗಹಾಕಿ ಎಂದು ಕೇಳಲು ಬಂದಿದ್ದ.

“ಸಾಗಹಾಕೋಣ,” ಎಂದರು ಗುರುಗಳು. “ಅದಕ್ಕೆ ಮೊದಲು ಒಬ್ಬ ಮಾಲಿಯ ಕತೆ ಕೇಳು. ನಿನ್ನ ಹಾಗೆಯೇ ಅನುಮಾನದ ಪ್ರಾಣಿ.”

ಗುಡ್ಡದ ಮೇಲಿನ ಒಂದು ಊರಿನಲ್ಲಿ ಹಳೆಯ ಗಾಲ್ಫ್ ಮೈದಾನವಿತ್ತು. ಕೋಲಿನಿಂದ ಪುಟ್ಟ ಬಿಳಿ ಚೆಂಡನ್ನು ಹೊಡೆದು, ಅದರ ಹಿಂದೆ ಅರ್ಧ ಹರದಾರಿ ನಡೆದು, ಕೊನೆಗೆ ಅದನ್ನು ಒಂದು ಕುಳಿಗೆ ಬೀಳಿಸುವ ಆಟ ಅದು. ನಿನಗೆ ನಗು ಬರಬಹುದು, ನಗು. ಕುಳಿಯ ಸುತ್ತ ಹುಲ್ಲನ್ನು ಚಾಪೆಯಷ್ಟು ನುಣ್ಣಗೆ ಕತ್ತರಿಸಿರುತ್ತಾರೆ. ಆ ಜಾಗಕ್ಕೆ ಗ್ರೀನು ಎನ್ನುತ್ತಾರೆ. ಮೈದಾನವನ್ನು ಕಟ್ಟಿದವನು ಎಂದೋ ಸತ್ತುಹೋಗಿದ್ದ. ಎತ್ತು ಕಟ್ಟಿ ಉಳುಮೆ ಮಾಡಿಸಿ, ನೆಲದ ಏರಿಳಿತ ನೋಡಿ, ಒಂದೊಂದು ಗ್ರೀನನ್ನೂ ಒಂದೊಂದು ಆಕಾರದಲ್ಲಿ ಮಾಡಿಸಿದ್ದನಂತೆ. ದೂರದಿಂದ ಜನ ಬಂದು ಆಡಿ, ಸೋತು, ಸೋತದ್ದನ್ನೇ ಹೊಗಳಿಕೊಂಡು ಹೋಗುತ್ತಿದ್ದರಂತೆ.

ಮಾಲಿ ಆ ಮೈದಾನವನ್ನು ಮೂವತ್ತೊಂದು ವರ್ಷ ನೋಡಿಕೊಂಡಿದ್ದ. ಅವನಿಗೆ ಕೆಲಸ ಕಲಿಸಿದವನು ದೊಡ್ಡ ಮಾಲಿ. ಸಾಯುವ ಮುಂಚೆ ದೊಡ್ಡ ಮಾಲಿ ಅವನ ಕೈಹಿಡಿದು, “ಇದನ್ನ ಹಿಂಗೇ ಉಳಿಸ್ಕೋ ಕಣಪ್ಪ,” ಎಂದಿದ್ದ. ಮಾಲಿ ಹೂಂ ಎಂದಿದ್ದ. ಅವನ ಬದುಕಿಗೆಲ್ಲ ಅದೊಂದೇ ಮಾತು.

ಆದರೆ ಉಳಿಸಿಕೊಳ್ಳಲು ಜನ ಬಿಡಬೇಕಲ್ಲ. ಒಬ್ಬ ಕಾರ್ಯದರ್ಶಿ ಬಂದು, ವಯಸ್ಸಾದ ಸದಸ್ಯರ ಚೆಂಡು ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಆಟಕ್ಕೆ ತೊಡಕಾಗಲೆಂದೇ ತೋಡಿದ್ದ ನಾಲ್ಕು ಮರಳುಗುಂಡಿಗಳನ್ನು ಮುಚ್ಚಿಸಿದ. ಇನ್ನೊಬ್ಬ ಬಂದು, ಬೋಳಾಗಿದೆ ಎಂದು ಸಾಲಾಗಿ ಸಿಲ್ವರ್ ಓಕ್ ಮರ ನೆಡಿಸಿದ. ಮರ ಬೆಳೆದು ಗಾಳಿಗೆ ಅಡ್ಡವಾಯಿತು. ಗಾಳಿಯನ್ನು ನೋಡಿ ಹೊಡೆಯಬೇಕಾಗಿದ್ದ ಹೊಡೆತ ಯಾರಿಗೂ ಬೇಡವಾಯಿತು. ಮೂರನೆಯವನು ಒಂದು ದಿಬ್ಬವನ್ನೇ ಬುಲ್ಡೋಜರ್ ತಂದು ಸಮ ಮಾಡಿಸಿದ. ಯಾರೋ ಅತಿಥಿ ಅಲ್ಲಿ ಎಡವಿದ್ದನಂತೆ. ಅತಿಥಿ ಮತ್ತೆ ಬರಲಿಲ್ಲ, ದಿಬ್ಬವೂ ಮತ್ತೆ ಬರಲಿಲ್ಲ. ಮಾಲಿ ಪ್ರತಿ ಸಲವೂ ಅಡ್ಡ ನಿಂತಿದ್ದ. ಪ್ರತಿ ಸಲವೂ ಅವನನ್ನು ಪಕ್ಕಕ್ಕೆ ಸರಿಸಿ ಕೆಲಸ ಮಾಡಿದ್ದರು. ಅವನು ಮನೆಗೆ ಹೋಗಿ ಹೆಂಡತಿಯ ಎದುರು ಅತ್ತದ್ದೂ ಉಂಟು.

ಹೀಗಾಗಿ ಅವನಿಗೆ ಕೆಡಿಸುವವರ ಲಕ್ಷಣ ಬಾಯಿಪಾಠವಾಗಿತ್ತು. ಅವರ ಬೂಟು ಹೊಳೆಯುತ್ತಿರುತ್ತದೆ. ಮೊದಲು, “ಆಹಾ, ಎಂಥ ಜಾಗ,” ಎಂದು ಹೊಗಳುತ್ತಾರೆ. ಆಮೇಲೆ, “ಸ್ವಲ್ಪ ಸರಿಮಾಡಿಬಿಟ್ಟರೆ,” ಎನ್ನುತ್ತಾರೆ. ಆ ‘ಸ್ವಲ್ಪ’ ಕಿವಿಗೆ ಬಿದ್ದರೆ ಸಾಕು, ಮಾಲಿ ಕೈಯ ಕೆಲಸ ಬಿಟ್ಟು ಅವರ ಹಿಂದೆಯೇ ಸುತ್ತುತ್ತಿದ್ದ.

ಅವನಿಗೆ ಎಲ್ಲಕ್ಕಿಂತ ಪ್ರೀತಿ ಏಳನೆಯ ಗ್ರೀನಿನ ಮೇಲೆ. ಅದನ್ನು ಯಾರೂ ಮುಟ್ಟಿರಲಿಲ್ಲ. ಜನ ಅದನ್ನು ಕೊಂಬಿನ ಗ್ರೀನು ಎನ್ನುತ್ತಿದ್ದರು. ನೋಡಿದರೆ ರೊಟ್ಟಿಯ ಹಾಗೆ ಗುಂಡಗಿತ್ತು. ಕೊಂಬು ಎಲ್ಲಿ ಎಂದು ಯಾರೂ ಕೇಳಲಿಲ್ಲ, ಮಾಲಿಗೂ ಕೇಳಬೇಕೆನ್ನಿಸಲಿಲ್ಲ. ಒಂದು ಹುಲ್ಲಿನ ಎಳೆ ಹೆಚ್ಚುಕಡಿಮೆಯಾದರೂ ಅವನ ಕಣ್ಣಿಗೆ ಬೀಳುತ್ತಿತ್ತು. ದಿನ ಬಿಟ್ಟು ದಿನ ಹುಲ್ಲಿನ ಯಂತ್ರವನ್ನು ತಾನೇ ತಳ್ಳುತ್ತಿದ್ದ. ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ.

ಒಂದು ದಿನ ಒಬ್ಬ ಪರವೂರಿನವನು ಬಂದ. ಮೈದಾನವನ್ನು ಮೊದಲಿದ್ದ ಹಾಗೆ ಮಾಡಿಕೊಡಲು ಅವನನ್ನು ಕರೆಸಿದ್ದೇವೆ ಎಂದು ಕಾರ್ಯದರ್ಶಿ ಹೇಳಿದ. ಮೊದಲಿದ್ದ ಹಾಗೆ! ಹಾಗೆನ್ನುವವರನ್ನು ಮಾಲಿ ಎಷ್ಟು ಕಂಡಿಲ್ಲ! ಅವನ ಬೂಟು ನೋಡಿದ. ಬೂಟೆಲ್ಲ ಕೆಸರು. ಹೊಗಳುತ್ತಾನೇನೋ ಎಂದು ಕಾದ. ಆ ಮನುಷ್ಯ ಒಂದು ಮಾತೂ ಹೊಗಳಲಿಲ್ಲ. ಮಾಲಿಗೆ ಅನುಮಾನ ಇಮ್ಮಡಿಯಾಯಿತು. ಬೆಣ್ಣೆ ಹಚ್ಚದೆ ಒಳಗೆ ಬರುವವನು ಪಳಗಿದ ಕಳ್ಳನೇ ಇರಬೇಕು ಎಂದುಕೊಂಡ.

ಪರವೂರಿನವನು ಏಳನೆಯ ಗ್ರೀನಿನ ಮೇಲೆ ಕಾಲೇ ಇಡಲಿಲ್ಲ. ಅದರ ಆಚೆ, ಮೊಣಕಾಲುದ್ದ ಒರಟು ಹುಲ್ಲಿನಲ್ಲಿ ಸುತ್ತಿದ. ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ಚುಚ್ಚಿ ಎಳೆದು, ಅದಕ್ಕೆ ಅಂಟಿದ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿದ. ಆಮೇಲೆ ಆ ಹುಲ್ಲಿನಲ್ಲೇ ಹತ್ತು ಹನ್ನೆರಡು ಗೂಟ ಹೊಡೆದ. ಗ್ರೀನಿನಿಂದ ಗೂಟಕ್ಕೆ ಕೆಲವು ಕಡೆ ಎರಡು ಹೆಜ್ಜೆ. ಒಂದು ಮೂಲೆಯಲ್ಲಿ ಮಾತ್ರ ಏಳು ಹೆಜ್ಜೆ.

“ಯಾರನ್ನ ಕೇಳಿ ಗೂಟ ಹೊಡೆದ್ರಿ ಸ್ವಾಮಿ?” ಎಂದ ಮಾಲಿ.

“ಮಣ್ಣನ್ನ ಕೇಳಿದೆ ಯಜಮಾನರೇ,” ಎಂದ ಪರವೂರಿನವನು.

ಇಂಥ ಜಾಣತನದ ಮಾತಿಗೆ ಮಾಲಿ ಸೊಪ್ಪು ಹಾಕುವವನಲ್ಲ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಗೂಟಗಳನ್ನೆಲ್ಲ ಕಿತ್ತು ಹಳ್ಳಕ್ಕೆ ಎಸೆದ. ಮರುದಿನ ಅದೇ ತೂತುಗಳಲ್ಲಿ ಹೊಸ ಗೂಟಗಳಿದ್ದವು. ಅವನ್ನೂ ಕಿತ್ತು ಮನೆಗೆ ಒಯ್ದು ನೀರೊಲೆಗೆ ಹಾಕಿದ. ಮೂರನೆಯ ದಿನ ಮತ್ತೆ ಗೂಟ. ಪರವೂರಿನವನು ಯಾರ ಹತ್ತಿರವೂ ದೂರು ಹೇಳಲಿಲ್ಲ. ಮಾಲಿಯನ್ನು ನೋಡಿ ನಮಸ್ಕಾರ ಮಾಡಿದ. ಆ ನಮಸ್ಕಾರದಿಂದ ಮಾಲಿಯ ನಿದ್ದೆ ಹಾರಿಹೋಯಿತು.

“ಸುಟ್ಟದ್ದು ಸರಿಯಾಯಿತು ಬುದ್ಧಿ,” ಎಂದ ಸಿದ್ಧನಂಜ.

“ನಿನಗೆ ಹಾಗನ್ನಿಸುತ್ತದೆ ಎಂದು ಗೊತ್ತಿತ್ತು. ಮುಂದೆ ಕೇಳು,” ಎಂದರು ಗುರುಗಳು.

ಮಾಲಿಯ ಹತ್ತಿರ ಒಂದು ತಗಡಿನ ಕೊಳವೆ ಇತ್ತು. ಅದರಲ್ಲಿ ಮೈದಾನ ಕಟ್ಟಿದವನೇ ಬರೆದ ನಕ್ಷೆ ಇತ್ತು. ದೊಡ್ಡ ಮಾಲಿ ಅದರ ಬಾಯಿಗೆ ಮೇಣ ಬಳಿದು, ಯಾರ ಕೈಗೂ ಕೊಡಬೇಡ ಎಂದು ಒಪ್ಪಿಸಿದ್ದ. ಮಾಲಿ ಅದನ್ನು ದೇವರ ಗೂಡಿನ ಪಕ್ಕದಲ್ಲಿಟ್ಟು ವರ್ಷಕ್ಕೊಮ್ಮೆ ಆಯುಧಪೂಜೆಗೆ ಕುಂಕುಮ ಹಚ್ಚುತ್ತಿದ್ದ. ಒಮ್ಮೆಯೂ ಬಿಚ್ಚಿರಲಿಲ್ಲ. ಬಿಚ್ಚುವ ಅಗತ್ಯವಾದರೂ ಏನಿತ್ತು? ಮೈದಾನ ಅವನ ಅಂಗಾಲಿಗೇ ಗೊತ್ತಿತ್ತು.

ಭಾನುವಾರ ಮೈದಾನದ ಸಮಿತಿಯವರು ಸೇರಿದರು. ಪರವೂರಿನವನಿಗೆ ಕೆಲಸ ಒಪ್ಪಿಸುವುದೋ ಬೇಡವೋ ಎಂದು ತೀರ್ಮಾನವಾಗಬೇಕಿತ್ತು. ಮಾಲಿ ಕೊಳವೆಯನ್ನು ಎದೆಗವಚಿಕೊಂಡು ಹೋದ.

“ಸಾರ್, ಇದ್ರಲ್ಲಿ ಕಟ್ಟಿದೋರ ನಕ್ಷೆ ಐತೆ. ಏಳನೇ ಗ್ರೀನ ಇದ್ರ ಪ್ರಕಾರ ಅಳೀರಿ. ಈ ಮನುಷ್ಯನ ಗೂಟ ಸರಿ ಅಂತ ಬಂದ್ರೆ ನಾನು ಇವತ್ತೇ ಕೆಲಸ ಬಿಡ್ತೀನಿ. ತಪ್ಪು ಅಂತ ಬಂದ್ರೆ ಹೊತ್ತು ಮುಳುಗೋದ್ರೊಳಗೆ ಅವನು ಊರು ಬಿಡ್ಬೇಕು.”

ಎಲ್ಲರೂ ಏಳನೆಯ ಗ್ರೀನಿಗೆ ನಡೆದರು. ಕಾರ್ಯದರ್ಶಿ ಮೇಣ ಒಡೆದು ನಕ್ಷೆ ಬಿಚ್ಚಿದ. ನಕ್ಷೆಯಲ್ಲಿ ತೋರಿಸಿದ್ದ ಗುರುತಿನ ಕಲ್ಲಿನಿಂದ ಟೇಪು ಹಿಡಿದು ಅಳೆದ. ಟೇಪು ಗ್ರೀನನ್ನು ದಾಟಿತು. ಒರಟು ಹುಲ್ಲಿಗೆ ಹೋಯಿತು. ಎರಡು ಹೆಜ್ಜೆ, ಮೂರು, ಐದು, ಏಳು. ಮೂಲೆಯ ಗೂಟಕ್ಕೆ ತಾಗಿ ನಿಂತಿತು.

“ಕಲ್ಲು ಸರಿಸವ್ರೆ,” ಎಂದ ಮಾಲಿ. ಕಲ್ಲನ್ನು ನೋಡಿದರು. ಬುಡದ ತುಂಬ ಹಳೆಯ ಪಾಚಿ ಕಟ್ಟಿತ್ತು, ಅದು ಅಲುಗಿರಲಿಲ್ಲ. “ನಕ್ಷೇನೇ ಬದಲಾಯಿಸವ್ರೆ,” ಎಂದ. ಹಾಗೆನ್ನುವಾಗಲೇ ಮೇಣ ಅವನ ಕಣ್ಣೆದುರಿಗೇ ಒಡೆದದ್ದು ನೆನಪಾಗಿ ಮಾತು ಅಲ್ಲೇ ನಿಂತಿತು. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ.

ಮಾಲಿ ಹಾರೆ ತರಿಸಿದ. ಮೂಲೆಯ ಗೂಟದ ಪಕ್ಕದಲ್ಲಿ ತಾನೇ ಅಗೆದ. ಒರಟು ಹುಲ್ಲಿನ ಬೇರು ಬಂತು, ಕೆಂಪು ಮಣ್ಣು ಬಂತು. ಅದರ ಕೆಳಗೆ, ಒಂದು ಗೇಣು ದಪ್ಪಕ್ಕೆ, ಜರಡಿ ಹಿಡಿದ ಹೊಳೆಮರಳು ಮತ್ತು ಕಪ್ಪು ಗೊಬ್ಬರದ ಹಾಸು ಕಾಣಿಸಿತು. ಗ್ರೀನಿನ ಅಡಿಯಲ್ಲಲ್ಲದೆ ಬೇರೆಲ್ಲೂ ಯಾರೂ ಹಾಕದ ಹಾಸು ಅದು. ಕಟ್ಟಿದವನ ಕೈಕೆಲಸ. ಮಾಲಿ ಒಂದು ಹಿಡಿ ಮರಳು ಎತ್ತಿಕೊಂಡು ಮೂಸಿ ನೋಡಿದ. ಹಾರೆ ಕೆಳಗಿಟ್ಟು ಕುಳಿತುಬಿಟ್ಟ. ಅಲ್ಲೇ, ತಾನು ಕುಳಿತ ಜಾಗದಲ್ಲೇ ಕೊಂಬು ಇತ್ತು. ಒಂದು ಕಾಲದಲ್ಲಿ ಗ್ರೀನಿನ ಒಂದು ಮೂಲೆ ಚೂಪಾಗಿ ಹೊರಗೆ ಚಾಚಿ, ಮರಳುಗುಂಡಿಯ ಹಿಂದಕ್ಕೆ ಹೋಗುತ್ತಿತ್ತು. ಕುಳಿಯನ್ನು ಅಲ್ಲಿಟ್ಟ ದಿನ ಎಂಥ ಆಟಗಾರನೂ ಒಂದು ಗಳಿಗೆ ನಿಂತು ಯೋಚಿಸಬೇಕಾಗಿತ್ತು.

“ಇದನ್ನ ತಿಂದೋರು ಯಾರು?” ಎಂದು ಮಾಲಿ ಕೇಳಿದ. ಗುಂಡಿ ಮುಚ್ಚಿಸಿದವನೇ, ಮರ ನೆಡಿಸಿದವನೇ, ಬುಲ್ಡೋಜರ್ ತಂದವನೇ ಎಂದು ಒಬ್ಬೊಬ್ಬರನ್ನೇ ನೆನೆದ. ಅವರಲ್ಲಿ ಯಾರೂ ಏಳನೆಯ ಗ್ರೀನಿನ ಹತ್ತಿರ ಸುಳಿದಿರಲಿಲ್ಲ. ಸುಳಿಯಲು ಅವನು ಬಿಟ್ಟಿರಲಿಲ್ಲ.

ಪರವೂರಿನವನು ಅವನ ಎದುರಿಗೆ ಹುಲ್ಲಿನ ಮೇಲೆ ಕುಳಿತ. ಬಹಳ ಮೆತ್ತಗೆ ಕೇಳಿದ.

“ಯಜಮಾನರೇ, ಅಂಚಿಗೆ ಬಂದಾಗ ಮಿಷನ್ನು ಎಲ್ಲಿ ತಿರುಗಿಸ್ತೀರಿ?”

“ಒಂದು ಬೆರಳು ಒಳಗೆ. ಅಂಚಿಗೇ ಹೋದ್ರೆ ಒರಟು ಹುಲ್ಲು ಬ್ಲೇಡಿಗೆ ಸುತ್ಕೊಳ್ತದೆ. ನಮ್ಮ ದೊಡ್ಡ ಮಾಲಿ ಕಲಿಸಿದ್ದು. ಒಂದು ದಿನಾನೂ ನಾನು ತಪ್ಪಿಲ್ಲ.”

ಹೇಳುತ್ತ ಹೇಳುತ್ತ ಮಾಲಿ ತನ್ನ ಬೆರಳನ್ನು ಎತ್ತಿ ತೋರಿಸಿದ್ದ. ಅದನ್ನು ಇಳಿಸಲು ಮರೆತ. ಬಿಟ್ಟ ಒಂದು ಬೆರಳಿನಲ್ಲಿ ಕೆಲವು ತಿಂಗಳಲ್ಲಿ ಒರಟು ಹುಲ್ಲು ಬೆಳೆಯುತ್ತದೆ. ಆಗ ಅದೇ ಅಂಚಾಗುತ್ತದೆ. ಆಮೇಲೆ ಆ ಅಂಚಿನಿಂದ ಇನ್ನೊಂದು ಬೆರಳು ಒಳಗೆ. ಚೂಪು ಮೂಲೆಯಲ್ಲಿ ಎರಡು ಕಡೆಯಿಂದಲೂ ಒಂದೊಂದು ಬೆರಳು. ದಿನಕ್ಕೆ ಕಾಣುವುದಿಲ್ಲ, ತಿಂಗಳಿಗೂ ಕಾಣುವುದಿಲ್ಲ. ಒಂದು ಎಳೆ ಹುಲ್ಲನ್ನು ಗುರುತಿಸುವ ಕಣ್ಣಿಗೂ ಕಾಣುವುದಿಲ್ಲ. ಮೈದಾನಕ್ಕೆ ಬಂದವರನ್ನೆಲ್ಲ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದವನು, ತನ್ನ ಕೈಯನ್ನು ಕಾದಿರಲಿಲ್ಲ.

ಮಾಲಿ ಎದ್ದ. ಕೆಲಸ ಬಿಟ್ಟಿದ್ದೇನೆ ಎಂದು ಕಾರ್ಯದರ್ಶಿಗೆ ಹೇಳಿದ. ಬೇಡ, ಆಡಿದ ಮಾತು ಮರೆತುಬಿಡಿ ಎಂದು ಸಮಿತಿಯವರೇ ಕೇಳಿಕೊಂಡರು. ಅವನು ಆಗದು ಎಂದು ತಲೆಯಾಡಿಸಿ ಮನೆಗೆ ಹೋದ.

ಮರುದಿನ ಬೆಳಿಗ್ಗೆ ಪರವೂರಿನವನು ಏಳನೆಯ ಗ್ರೀನಿಗೆ ಬಂದಾಗ ಮಾಲಿ ಅಲ್ಲಿದ್ದ. ಯಂತ್ರವನ್ನು ಒರೆಸಿ, ಎಣ್ಣೆ ಬಿಟ್ಟು, ಬ್ಲೇಡು ಮಸೆದು ನಿಲ್ಲಿಸಿದ್ದ. ಅದರ ಹಿಡಿಯನ್ನು ಪರವೂರಿನವನ ಕಡೆಗೆ ತಿರುಗಿಸಿದ.

“ನೀವೇ ತಳ್ಳಿ ಸ್ವಾಮಿ. ನಾನು ಹಿಡಿದ್ರೆ ನನ್ನ ಕೈ ಒಳಕ್ಕೇ ತಿರುಗ್ತದೆ.”

ಇಷ್ಟು ಹೇಳಿ ಅವನು ಗೂಟದ ಸಾಲಿನ ಗುಂಟ ಬಗ್ಗಿ ನಡೆಯುತ್ತ, ಬ್ಲೇಡಿಗೆ ಸಿಕ್ಕಬಹುದಾದ ಕಲ್ಲುಗಳನ್ನು ಒಂದೊಂದಾಗಿ ಆರಿಸತೊಡಗಿದ.

ಗುರುಗಳು ಕತೆ ನಿಲ್ಲಿಸಿದರು. ಬಿಸಿಲು ಸರಿದಿತ್ತು. ವಿಭೂತಿ ಗಟ್ಟಿಗಳನ್ನು ಬಿಸಿಲಿನ ಕಡೆಗೆ ಸರಿಸಿದರು.

ಸಿದ್ಧನಂಜನಿಗೆ ಮಾಲಿಯ ಮೇಲೆ ಮರುಕ ಬಂದಿತ್ತು. ಆದರೆ ಪಂಡಿತನ ಮೇಲಿನ ಸಿಟ್ಟು ಇಳಿದಿರಲಿಲ್ಲ. ಈ ಕತೆಯನ್ನು ತನಗೇ ಏಕೆ ಹೇಳಿದರು ಎಂದು ಅವನಿಗೆ ಗುರುಗಳ ಮೇಲೂ ಸಣ್ಣ ಅನುಮಾನ ಬಂತು. ಪಂಡಿತ ಮೊದಲೇ ಇವರ ಕಿವಿ ಕಚ್ಚಿರಬಹುದೇ?

“ಬುದ್ಧಿ, ತಪ್ಪು ತಿಳಿಯಬೇಡಿ,” ಎಂದ. “ಆ ಮಾಲಿಯ ಪಾಡು ಬೇರೆ, ನನ್ನದು ಬೇರೆ. ಅವನ ಕೈಯಲ್ಲಿ ಯಂತ್ರ ಇತ್ತು. ನನ್ನ ಹತ್ತಿರ ಇರುವುದು ಬಾಯಿಪಾಠ. ಈ ಜಗಲಿಯ ಮೇಲೆ ಕೂತು ಹೇಗೆ ಕಲಿತೆನೋ ಹಾಗೇ ಹೇಳುತ್ತಾ ಬಂದಿದ್ದೇನೆ. ಇಪ್ಪತ್ತೆರಡು ವರ್ಷದಲ್ಲಿ ಒಂದಕ್ಷರ ಬಿಟ್ಟಿದ್ದರೆ ನನ್ನ ನಾಲಗೆ ಸೇದಿಹೋಗಲಿ.”

“ನೀನು ಬಿಟ್ಟಿಲ್ಲ, ಸಿದ್ಧನಂಜ. ಆದರೆ ನಿನಗೆ ಕಲಿಸಿದವನು ನಾನು,” ಎಂದರು ಗುರುಗಳು.